ತೊಂಬತ್ತಣ್ಣನ ಕಿಲೋಮೀಟರು

ಮೀಟರಿನ ಮುಳ್ಳು ಮೊದಲ ಸಲ ತೊಂಬತ್ತು ಮುಟ್ಟಿದ ದಿನ ಟೈಲರಣ್ಣ ಕಾರಿನಿಂದ ಇಳಿದದ್ದು ಬೇರೆಯೇ ಮನುಷ್ಯನಾಗಿ. ಬೆಳಿಗ್ಗೆ ಹತ್ತುವಾಗ ಅವನು ಬೆನ್ನು ಬಾಗಿದ, ಕಿವಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡ, ಯಾರು ಬೈದರೂ "ಆಯ್ತು, ಸಡಿಲ ಮಾಡ್ಕೊಡ್ತೀನಿ" ಅನ್ನುವ ಐವತ್ತರ ಆಸುಪಾಸಿನ ದರ್ಜಿ. ಇಳಿದವನು ಬಾಗಿಲನ್ನು ಒಂದೇ ಬೆರಳಲ್ಲಿ, ಹಿಂದೆ ತಿರುಗಿಯೂ ನೋಡದೆ ತಳ್ಳಿದ. ವೇಗ ಕಂಡವರು ಬಾಗಿಲು ಹಾಗೇ ಮುಚ್ಚುತ್ತಾರೆಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ. ಬಾಗಿಲು ಮುಚ್ಚಿಕೊಳ್ಳಲಿಲ್ಲ. ವಾಪಸು ಬಂದು ಸೊಂಟದಿಂದ ಎರಡು ಸಲ ಗುದ್ದಬೇಕಾಯಿತು.

ಎದುರಿನ ಅಂಗಡಿಯಲ್ಲಿ ಕ್ಷೌರಿಕ ಒಬ್ಬ ಗಿರಾಕಿಯ ಗಲ್ಲಕ್ಕೆ ನೊರೆ ಹಚ್ಚಿ, ಒಂದು ಕಡೆ ಮುಗಿಸಿ, ಇನ್ನೊಂದು ಕಡೆಗೆ ಕತ್ತಿ ಎತ್ತಿದ್ದ.

"ಏನ್ ಟೈಲರಣ್ಣ, ಆಸ್ಪತ್ರೆಗೆ ಯೂನಿಫಾರ್ಮು ಕೊಟ್ಟು ಬಂದ್ಯಾ?"

"ತೊಂಬತ್ತು," ಅಂದ ಟೈಲರಣ್ಣ.

"ತೊಂಬತ್ತು ಯೂನಿಫಾರ್ಮಾ?"

"ಯೂನಿಫಾರ್ಮಲ್ಲ ಕಣಯ್ಯ. ವೇಗ."

ಕತ್ತಿ ಗಾಳಿಯಲ್ಲೇ ನಿಂತಿತು. ಗಿರಾಕಿ ಅರ್ಧ ಗಡ್ಡ ಹೊತ್ತುಕೊಂಡೇ ಬಾಗಿಲಿಗೆ ಬಂದು ಕಾರನ್ನು ನೋಡಿದ. ಕಾರು ಮೂರು ಕೈ ದಾಟಿ ಬಂದದ್ದು. ಒಂದು ಕಾಲದಲ್ಲಿ ಬಿಳಿ ಇದ್ದಿರಬಹುದು ಎಂದು ಊಹಿಸಬೇಕಾದಂಥ ಬಣ್ಣ. ಅದು ತೊಂಬತ್ತರಲ್ಲಿ ಓಡಿತೆಂದರೆ ಓಡಿಸಿದವನ ಎದೆ ಎಂಥದ್ದಿರಬೇಕು!

ಅಲ್ಲಿಯ ತನಕ ಬೀದಿಯಲ್ಲಿ ಅವನಿಗಿದ್ದ ಹೆಸರು ಅರ್ಧಿಂಚಣ್ಣ. ಯಾವ ಅಳತೆ ತೆಗೆದರೂ ಹೊಲಿಗೆಗೆ ಅಂತ ಅರ್ಧ ಇಂಚು ಸೇರಿಸದೆ ಅವನ ಬಾಯಿಂದ ಅಂಕಿ ಹೊರಡುತ್ತಿರಲಿಲ್ಲ. ಟೇಪು ಮೂವತ್ತೆರಡು ತೋರಿಸಿದರೆ ನಾಲಿಗೆ ಮೂವತ್ತೆರಡೂವರೆ ಅನ್ನುತ್ತಿತ್ತು. ಮಗಳು ಹುಟ್ಟಿದಾಗ ನರ್ಸು ಹೇಳಿದ ತೂಕಕ್ಕೂ ಒಂದಿಷ್ಟು ಸೇರಿಸಿಯೇ ನೆಂಟರಿಗೆ ಕಾಗದ ಬರೆದಿದ್ದನಂತೆ. ಆ ಸಂಜೆ ಕ್ಷೌರಿಕ ಹಳೆಯ ಹೆಸರನ್ನು ಕಿತ್ತುಹಾಕಿ ತೊಂಬತ್ತಣ್ಣ ಎಂದು ಹೊಸದನ್ನು ಇಟ್ಟ. ಬೀದಿ ಒಪ್ಪಿತು. ಅವನ ಕಾರು ತಿರುವಿನಲ್ಲಿ ಕಂಡರೆ ತಾಯಂದಿರು ಮಕ್ಕಳನ್ನು ಒಳಗೆ ಎಳೆದುಕೊಳ್ಳತೊಡಗಿದರು. ಮಕ್ಕಳನ್ನು ಎಳೆದು, ಬಾಗಿಲು ಹಾಕಿ, ಚಿಲಕ ಜಡಿದು, ಕಿಟಕಿಗೆ ಬಂದು ಇಣುಕಿದರೂ ಕಾರು ಇನ್ನೂ ಬರುತ್ತಲೇ ಇರುತ್ತಿತ್ತು. ಅದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಬೀದಿಗಾಗಿ ಅವನು ವೇಗ ತಗ್ಗಿಸಿಕೊಂಡಿದ್ದಾನೆ, ದೊಡ್ಡ ಮನಸ್ಸು, ಎಂದುಕೊಂಡರು.

ಅನುಮಾನ ಇದ್ದದ್ದು ಒಬ್ಬಳಿಗೇ. ಪಕ್ಕದ ಸೀಟಿನಲ್ಲಿ ಕೂತು ಹೋಗಿದ್ದ ಹೆಂಡತಿಗೆ.

"ತೊಂಬತ್ತಂತೆ! ಪಕ್ಕದಲ್ಲಿ ನಾಯಿ ಓಡ್ತಾ ಇತ್ತು ರೀ. ನನ್ನ ಮುಖ ನೋಡ್ಕೊಂಡೇ ಓಡ್ತಾ ಇತ್ತು."

"ಅದು ಬೇಟೆ ನಾಯಿ ಇರ್ಬೇಕು."

"ಕುಂಟು ನಾಯಿ. ನಮ್ಮ ಬೀದೀದೇ."

ಮೀಟರು ಗಾಜಿನ ಹಿಂದೆ ಕೂತು, ಅಂಕಿ ಹಾಕಿಕೊಂಡು, ಅಚ್ಚುಕಟ್ಟಾಗಿ ತೊಂಬತ್ತು ಎನ್ನುತ್ತಿರುವಾಗ ನಾಯಿಯ ಸಾಕ್ಷಿ ಯಾರಿಗೆ ಬೇಕು?

ಬೀದಿಯ ಕೊನೆಯ ಮನೆ ಲೆಕ್ಕದ ಮೇಷ್ಟ್ರದ್ದು. ಕೆಲಸದಿಂದ ನಿವೃತ್ತರಾಗಿದ್ದರು, ಮೇಷ್ಟ್ರುತನದಿಂದ ಆಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಗೇಟಿನ ಬಳಿ ನಿಂತು ಕೈಗಡಿಯಾರ ನೋಡಿದರೆಂದರೆ ಬೀದಿಯ ಗಡಿಯಾರಗಳೆಲ್ಲ ಅದಕ್ಕೆ ಸರಿಯಾಗಿ ತಿರುಗಬೇಕು. ಅವರಿಗೊಂದು ಸ್ಕೂಟರಿತ್ತು. "ಇಪ್ಪತ್ತು ವರ್ಷದಲ್ಲಿ ಒಂದು ದಿನ ನಲವತ್ತು ದಾಟಿಸಿಲ್ಲ" ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಟೈಲರಣ್ಣ ಏಳನೇ ಕ್ಲಾಸಿನಲ್ಲಿ ಇವರ ಕೈಕೆಳಗೇ ಇದ್ದದ್ದು. ಒಂದು ರೈಲು ಇಷ್ಟು ಗಂಟೆಗೆ ಹೊರಟು ಇಷ್ಟು ವೇಗದಲ್ಲಿ ಹೋದರೆ ಎಷ್ಟು ಗಂಟೆಗೆ ತಲುಪುತ್ತದೆ ಎಂದು ಮೇಷ್ಟ್ರು ಕೇಳಿದ್ದರು. ಹುಡುಗ ಬಾಯಿ ಬಿಡಲಿಲ್ಲ. "ರೈಲು ತಲುಪೋ ತನಕ ಬೆಂಚಿನ ಮೇಲೆ ನಿಂತಿರು" ಎಂದರು. ನಿಂತ. ಮರುದಿನವೂ ನಿಲ್ಲಿಸಿದರು, ಅದರ ಮರುದಿನವೂ. ನಾಲ್ಕನೇ ದಿನ ಹುಡುಗ ಬೆಂಚಿನಿಂದ ಇಳಿದವನು ನೇರ ಟೈಲರಂಗಡಿ ಹತ್ತಿದ. ಆ ರೈಲು ಇವತ್ತಿಗೂ ತಲುಪಿಲ್ಲ. ಒಬ್ಬ ಹುಡುಗನ ಓದನ್ನು ತಣ್ಣಗೆ ಮಡಚಿಟ್ಟು, ಸಂಬಳ ತಗೊಂಡು, ಹಾರ ಹಾಕಿಸಿಕೊಂಡು ನಿವೃತ್ತರಾಗುವವರ ಮೇಲೆ ಯಾವ ಕಚೇರಿಯೂ ನೋಟೀಸು ಕಳಿಸುವುದಿಲ್ಲ. ಇರಲಿ.

ಈಗ ತಮ್ಮ ಬೆಂಚಿನಿಂದ ಇಳಿದು ಹೋದವನು ತೊಂಬತ್ತರಲ್ಲಿ ಹೋಗುತ್ತಾನೆ, ಬೀದಿ ಅವನಿಗೆ ಹೆಸರಿಟ್ಟು ಮೆರೆಸುತ್ತದೆ ಎಂದರೆ ಮೇಷ್ಟ್ರಿಗೆ ಹೇಗಾಗಬೇಡ? ಐದು ಪುಟ ಬರೆದರು. ಆಸ್ಪತ್ರೆ ರಸ್ತೆಯಲ್ಲಿ ವೇಗದ ಮಿತಿ ಐವತ್ತು. ಸದರಿ ದರ್ಜಿ ದಿನಂಪ್ರತಿ ತೊಂಬತ್ತರಲ್ಲಿ ಹೋಗುವುದಾಗಿ ತಾನೇ ಸಾರುತ್ತಿದ್ದಾನೆ. ಕೇಳಿದವರು ಈ ಕೆಳಗೆ ಸಹಿ ಮಾಡಿದ್ದಾರೆ. ಮೊದಲ ನಾಲ್ಕು ಪುಟ ಮಡಚಿ ಹಿಡಿದು, ಸಹಿಯ ಪುಟ ಮಾತ್ರ ಮೇಲಿಟ್ಟುಕೊಂಡು ಮನೆಮನೆಗೆ ಹೋದರು.

ಕ್ಷೌರಿಕ ಓಡೋಡಿ ಬಂದ.

"ತೊಂಬತ್ತಣ್ಣ! ನಿನಗೆ ಸನ್ಮಾನ!"

"ಯಾರು ಹೇಳಿದ್ದು?"

"ಹೇಳೋದೇನು, ಸಹಿ ತಗೊಳ್ತಾ ಇದಾರೆ. 'ಟೈಲರು ತೊಂಬತ್ತರಲ್ಲಿ ಹೋಗೋದು ನಿಜ ತಾನೆ?' ಅಂದ್ರು ಮೇಷ್ಟ್ರು. 'ನೂರಕ್ಕೆ ನೂರು ನಿಜ, ನನ್ನ ಕಿವಿಯಾರೆ ಕೇಳಿದೀನಿ' ಅಂದೆ. ಎರಡು ಸಲ ಸಹಿ ಹಾಕಿದೆ ಕಣಣ್ಣ, ಒಂದು ಅಳಿಸಿ ಹೋದ್ರೂ ಇನ್ನೊಂದು ಇರಲಿ ಅಂತ."

ಟೈಲರಣ್ಣ ಕೈಲಿದ್ದ ಕತ್ತರಿ ಕೆಳಗಿಟ್ಟ. ಲೆಕ್ಕದ ಮೇಷ್ಟ್ರು! ತನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ ಕೈ ಈಗ ತನ್ನ ಸನ್ಮಾನಕ್ಕೆ ಸಹಿ ಕೂಡಿಸುತ್ತಿದೆ! ಅಂದೇ ಬೂದು ಬಣ್ಣದ ಬಟ್ಟೆ ಇಳಿಸಿ ತನಗೊಂದು ಕೋಟು ಕತ್ತರಿಸಿಕೊಂಡ. ಜೀವಮಾನದಲ್ಲಿ ತನಗೆಂದು ಹೊಲಿದುಕೊಂಡ ಮೊದಲ ಕೋಟು. ಹೆಂಡತಿ ಗುಂಡಿ ಹೊಲಿದಳು, ಬಾಯಿ ಮಾತ್ರ ಹೊಲಿದುಕೊಳ್ಳಲಿಲ್ಲ. "ಸನ್ಮಾನ ನಿಮಗೋ ಆ ಕುಂಟು ನಾಯಿಗೋ, ಸರಿಯಾಗಿ ಕೇಳ್ಕೊಂಡ್ರಾ?"

ಸರ್ಕಾರಿ ಲಕೋಟೆ ಬಂದ ದಿನ ಟೈಲರಣ್ಣ ಕೋಟು ತೊಟ್ಟು, ಕೂದಲಿಗೆ ನೀರು ಹಚ್ಚಿ ಬಾಚಿ, ಕುರ್ಚಿಯಲ್ಲಿ ಕೂತು, "ಗಟ್ಟಿಯಾಗಿ ಓದು, ಎದುರಂಗಡಿಗೆ ಕೇಳಿಸ್ಬೇಕು" ಅಂದ. ಹೆಂಡತಿ ಗಟ್ಟಿಯಾಗಿಯೇ ಓದಿದಳು. ಇಪ್ಪತ್ತಮೂರು ಸಾಕ್ಷಿಗಳ ಹೇಳಿಕೆಯಂತೆ, ಐವತ್ತರ ಮಿತಿಯಿರುವ ರಸ್ತೆಯಲ್ಲಿ ತೊಂಬತ್ತರ ವೇಗದಲ್ಲಿ ವಾಹನ ಚಲಾಯಿಸಿದ ತಮ್ಮ ಲೈಸೆನ್ಸನ್ನು ಆರು ತಿಂಗಳು ಏಕೆ ತಡೆಹಿಡಿಯಬಾರದು, ಹದಿನೈದು ದಿನದೊಳಗೆ ಉತ್ತರಿಸತಕ್ಕದ್ದು.

ಎದುರಂಗಡಿಗೆ ಕೇಳಿಸಿತು. ಕ್ಷೌರಿಕ ಅಂಗಡಿಯ ಪರದೆ ಎಳೆದುಕೊಂಡ.

ಕುರ್ಚಿಯಲ್ಲಿದ್ದವನಿಗೆ ಕೋಟು ಒಮ್ಮೆಗೇ ದೊಡ್ಡದಾಯಿತು. ಲೈಸೆನ್ಸು ಹೋಗುವುದೆಂದರೆ ಬರೀ ಒಂದು ಕಾರ್ಡು ಹೋಗುವುದಲ್ಲ. ಊರಾಚೆಯ ಆಸ್ಪತ್ರೆಯ ನರ್ಸುಗಳ ಯೂನಿಫಾರ್ಮು, ಏಪ್ರನ್ನು ಎಲ್ಲ ಅವನ ಮಿಷನ್ನಿನಲ್ಲೇ ಹುಟ್ಟುತ್ತಿದ್ದವು. ಪ್ರತಿ ಶನಿವಾರ ಬೆಳಿಗ್ಗೆ ಹತ್ತಕ್ಕೆ ಇಸ್ತ್ರಿ ಮಾಡಿದ್ದು ಮಾಡಿದ ಹಾಗೇ, ಒಂದು ಸುಕ್ಕು ಬೀಳದೆ ತಲುಪಬೇಕು ಎಂಬುದು ಉಗ್ರಾಣದಮ್ಮನ ಷರತ್ತು. ಸೈಕಲ್ಲಿನಲ್ಲಿ ಒಯ್ದ ಮೊದಲ ವಾರ ಅರ್ಧ ಗಂಟು ವಾಪಸು ಬಂದಿತ್ತು. ಕಾರು ಕೊಂಡದ್ದೇ ಅದಕ್ಕೆ. ಕಾರು ನಿಂತರೆ ಆರ್ಡರು ನಿಲ್ಲುತ್ತದೆ, ಆರ್ಡರು ನಿಂತರೆ ಎರಡು ಮಿಷನ್ನಿನಲ್ಲಿ ಒಂದಕ್ಕೆ ಬಟ್ಟೆ ಮುಚ್ಚಿಡಬೇಕು.

ಸಾರಿಗೆ ಕಚೇರಿಯಲ್ಲಿ ಅಧಿಕಾರಿ ಮೇಡಮ್ಮು ತಲೆ ಎತ್ತದೆ ಫೈಲು ತಿರುವಿದರು.

"ತೊಂಬತ್ತು ಅಂತ ನೀವೇ ಹೇಳಿದ್ದೀರಂತೆ."

"ಬಾಯಿ ತಪ್ಪಿ ಅಂದೆ, ಮೇಡಂ."

"ಮೂರು ವಾರ, ದಿನಾ ಬಾಯಿ ತಪ್ಪಿತಾ?"

"ಮೀಟರು ತೋರಿಸ್ತು ಮೇಡಂ, ನಾನು ಓದಿದೆ ಅಷ್ಟೆ."

"ಹಾಗಾದ್ರೆ ತಪ್ಪು ಇನ್ನೂ ಗಟ್ಟಿ ಆಯ್ತಲ್ಲ!"

ಹೆಂಡತಿ ಪಕ್ಕದಿಂದ ಮುಂದೆ ಬಂದಳು. "ಮೇಡಂ, ಆ ಮೀಟರೇ ಸುಳ್ಳು. ಇವರು ತೊಂಬತ್ತರಲ್ಲಿ ಹೋಗೋ ಗಂಡಸಲ್ಲ. ಬೇಕಾದ್ರೆ ಬರ್ಕೊಡ್ತೀನಿ."

ಮೇಡಮ್ಮು ಮೊದಲ ಸಲ ತಲೆ ಎತ್ತಿದರು. "ಸುಳ್ಳು ಅಂತ ಅಳತೆ ಸಮೇತ ತೋರಿಸಿ. ಫೋನು ತೋರಿಸಬೇಡಿ. ಫೋನು ಹೇಳಿದ್ದನ್ನ ಬರೆಯೋಕೆ ಈ ಫೈಲಲ್ಲಿ ಕಾಲಂ ಇಲ್ಲ."

ಆಸ್ಪತ್ರೆ ರಸ್ತೆಯ ಬದಿಯಲ್ಲಿ, ತಗಡಿನ ಶೆಡ್ಡಿನಲ್ಲಿ, ಮೆಕ್ಯಾನಿಕ್ಕು ಕಾರಿನ ಅಡಿಯಿಂದ ಕಾಲು ಮಾತ್ರ ತೋರಿಸುತ್ತ ಎಲ್ಲವನ್ನೂ ಕೇಳಿಸಿಕೊಂಡ. ಆಮೇಲೆ ಹೊರಗೆ ಬಂದು, ಡ್ಯಾಶ್‌ಬೋರ್ಡಿನಲ್ಲಿ ತಲೆ ತೂರಿಸಿ, ನಗುತ್ತ ಈಚೆ ಬಂದ.

"ಇದು ಈ ಕಾರಿನ ಮೀಟರೇ ಅಲ್ಲ. ದೊಡ್ಡ ಚಕ್ರದ ಯಾವುದೋ ಗಾಡೀದು ಕಿತ್ತು ತಂದು ಕೂರಿಸಿದಾರೆ. ನಿನ್ನ ಪುಟಾಣಿ ಚಕ್ರ ಒಂದು ಸುತ್ತು ಹಾಕಿದ್ರೆ ಇದು ದೊಡ್ಡ ಚಕ್ರದ್ದು ಅಂತ ತಿಳ್ಕೊಂಡು ದಾರಿ ಎಣಿಸುತ್ತೆ."

"ಅಂದ್ರೆ, ಬೇರೆಯವರ ಅಳತೆಗೆ ಹೊಲಿದ ಕೋಟು," ಅಂದ ಟೈಲರಣ್ಣ.

"ಹ್ಞಾ, ಹಾಗೇ."

"ತಕ್ಷಣ ಸರಿ ಮಾಡಿಬಿಡು!"

"ತಲೆ ಸರಿ ಇದೆಯೇನಣ್ಣ? ಈಗಲೇ ಸರಿ ಮಾಡಿದ್ರೆ ಸುಳ್ಳಿಗೆ ಸಾಕ್ಷಿ ಎಲ್ಲಿರುತ್ತೆ? ಮೊದಲು ಸುಳ್ಳು ಎಷ್ಟು ಉದ್ದ ಇದೆ ಅಂತ ಅಳತೆ ತೆಗಿ. ಆಮೇಲೆ ಕತ್ತರಿಸೋಣ. ಸರಿಯಾಗಿ ಒಂದು ಕಿಲೋಮೀಟರು ಗುರುತು ಹಾಕು. ಮುಳ್ಳು ತೊಂಬತ್ತರಲ್ಲಿಟ್ಟು ಓಡಿಸು. ಎಷ್ಟು ಸೆಕೆಂಡು ಹಿಡೀತು ನೋಡು. ನಿಜವಾಗ್ಲೂ ತೊಂಬತ್ತಾದ್ರೆ ನಲವತ್ತು ಸೆಕೆಂಡಿಗೆ ಮುಗೀಬೇಕು."

"ರಸ್ತೇಲಿ ಕಲ್ಲು ನೆಟ್ಟಿದಾರಲ್ಲ, ಕಿಲೋಮೀಟರು ಕಲ್ಲು," ಅಂದಳು ಹೆಂಡತಿ.

ಟೈಲರಣ್ಣ ಅವಳನ್ನು ನೋಡಿದ ನೋಟದಲ್ಲಿ ಮೂವತ್ತೈದು ವರ್ಷದ ಕಸುಬಿತ್ತು. "ಬೇರೆಯವರು ತೆಗೆದ ಅಳತೆಗೆ ನಾನು ಯಾವತ್ತಾದ್ರೂ ಕತ್ತರಿ ಹಾಕಿದ್ದೀನೇನೇ?"

ಹೀಗೆ ಶುರುವಾಯಿತು ಅಳತೆ. ಅಂಗಡಿಯ ಟೇಪು, ಒಂದೂವರೆ ಮೀಟರಿನದ್ದು. ಟೈಲರಣ್ಣ ಮುಂದೆ ಮಂಡಿಯೂರುವುದು, ಹೆಂಡತಿ ಹಿಂದೆ ಟೇಪಿನ ತುದಿ ಒತ್ತಿ ಹಿಡಿಯುವುದು, ಸೀಮೆಸುಣ್ಣದಲ್ಲಿ ಗೀಟು ಎಳೆಯುವುದು, ಏಳುವುದು, ಮತ್ತೆ ಮಂಡಿಯೂರುವುದು. ಹೀಗೆ ಆರುನೂರ ಅರವತ್ತಾರು ಸಲ, ಮೇಲೆ ಒಂದು ಮೀಟರು. ನೂರನೇ ಗೀಟಿಗೆ ಪ್ಯಾಂಟಿನ ಮಂಡಿ ಹರಿಯಿತು. ಇನ್ನೂರಕ್ಕೆ ಒಂದು ಬಸ್ಸಿನ ಡ್ರೈವರು ಬಸ್ಸು ನಿಲ್ಲಿಸಿ, ಒಳಗಿದ್ದವರನ್ನೆಲ್ಲ ಕಿಟಕಿಗೆ ಕರೆದು ತೋರಿಸಿದ. "ನೋಡಿ, ರಸ್ತೆಗೆ ಪ್ಯಾಂಟು ಹೊಲೀತಾ ಇದಾರೆ." ನಾನೂರಕ್ಕೆ ಹೆಂಡತಿ ರಸ್ತೆ ಬದಿಯಲ್ಲಿ ಕೂತು, "ಈ ಜನ್ಮದಲ್ಲಿ ನಾನು ಇನ್ನು ಟೇಪು ಹಿಡಿಯಲ್ಲ, ನಿಮ್ಮ ಕೈನೂ ಹಿಡಿಯಲ್ಲ" ಅಂದಳು. ಐದು ನಿಮಿಷ ಬಿಟ್ಟು ಎರಡನ್ನೂ ಹಿಡಿದುಕೊಂಡು ಎದ್ದಳು. ಸಂಜೆಯ ಹೊತ್ತಿಗೆ ಮೆಕ್ಯಾನಿಕ್ಕಿನ ಶೆಡ್ಡಿನ ಮುಂದೆ ಕೊನೆಯ ಗೀಟು ಬಿತ್ತು. ಟೈಲರಣ್ಣ ಎರಡು ತುದಿಗೂ ರಸ್ತೆಯಡ್ಡ ದಪ್ಪ ಬಿಳಿ ಪಟ್ಟಿ ಎಳೆದ.

ಆ ಪಟ್ಟಿಗಳನ್ನು ಸಂಜೆಯ ತಿರುಗಾಟಕ್ಕೆ ಬಂದ ಮೇಷ್ಟ್ರು ಕಂಡರು. ಒಂದು ಪಟ್ಟಿ ಅಲ್ಲಿ, ಒಂದು ಪಟ್ಟಿ ಇಲ್ಲಿ, ನಡುವೆ ನೆಟ್ಟಗಿನ ರಸ್ತೆ, ತುದಿಯಲ್ಲಿ ತೊಂಬತ್ತಣ್ಣನ ಕಾರು. ಇದು ಏನೆಂದು ಲೆಕ್ಕ ಬಲ್ಲವರಿಗೆ ಬಿಡಿಸಿ ಹೇಳಬೇಕೆ?

"ರೇಸು!" ಎಂದರು ಮೇಷ್ಟ್ರು. ನೋಟೀಸು ಬಂದ ಮೇಲೂ ಇವನು ರಸ್ತೆಯ ಮೇಲೆ ಓಟದ ಪಂದ್ಯ ಏರ್ಪಡಿಸುತ್ತಿದ್ದಾನೆ! ಆರು ಪುಟ ಬರೆದರು. ಬರೆಯುವ ಮುನ್ನ ಕ್ಷೌರದಂಗಡಿಗೆ ಹೋಗಿ, "ನೋಡಿದೆಯಾ ನಿನ್ನ ತೊಂಬತ್ತಣ್ಣನ ಅಹಂಕಾರ, ಭಾನುವಾರ ರೇಸಂತೆ" ಅಂದರು. ಭಾನುವಾರ ಎಂದು ಅವರಿಗೆ ಯಾರು ಹೇಳಿದರೋ, ಅದೂ ಲೆಕ್ಕವೇ ಇರಬೇಕು.

ಕ್ಷೌರಿಕನ ಕಿವಿಗೆ ಬಿದ್ದ ಮೇಲೆ ಅದು ಸುದ್ದಿಯಾಗಲು ಎಷ್ಟು ಹೊತ್ತು?

ಭಾನುವಾರ ಬೆಳಿಗ್ಗೆ ರಸ್ತೆ ಖಾಲಿ ಇರುತ್ತದೆಂದು ಟೈಲರಣ್ಣ ಹೆಂಡತಿಯನ್ನು ಕೂರಿಸಿಕೊಂಡು, ಧೈರ್ಯಕ್ಕೆ ಕೋಟು ತೊಟ್ಟು, ಆಸ್ಪತ್ರೆ ರಸ್ತೆಗೆ ಬಂದರೆ, ಎರಡು ಬದಿಯಲ್ಲೂ ಜನ. ಮರದ ಮೇಲೆ ಜನ. ಶೆಡ್ಡಿನ ತಗಡಿನ ಮೇಲೆ ಜನ, ಅವರನ್ನು ಕೆಳಗಿನಿಂದ ಬೈಯುತ್ತ ಮೆಕ್ಯಾನಿಕ್ಕು. ಕ್ಷೌರಿಕ ಕತ್ತಿ ಕೈಯಲ್ಲಿ ಹಿಡಿದೇ ಬಂದಿದ್ದ. ಅರ್ಧ ಗಡ್ಡದ ಇನ್ನೊಬ್ಬ ಗಿರಾಕಿ ಅವನನ್ನು ಬಿಟ್ಟಿರಲಾರದೆ ಬೆನ್ನಿಗಿದ್ದ. "ತೊಂ-ಬತ್ತು! ತೊಂ-ಬತ್ತು!" ಎಂದು ಚಪ್ಪಾಳೆ. ಜನರ ನಡುವೆ ಸಾರಿಗೆ ಕಚೇರಿಯ ಜೀಪು. ಜೀಪಿನ ಪಕ್ಕ ಅಧಿಕಾರಿ ಮೇಡಮ್ಮು, ಭಾನುವಾರ ಕೆಟ್ಟವರ ಮುಖ ಹೊತ್ತು. ಅವರ ಪಕ್ಕ ಲೆಕ್ಕದ ಮೇಷ್ಟ್ರು, ಗೆದ್ದವರ ಮುಖ ಹೊತ್ತು.

"ಇದೇನ್ರೀ ರೇಸು?" ಮೇಡಮ್ಮು ಗದರಿದರು.

"ರೇಸಲ್ಲ ಮೇಡಂ, ಅಳತೆ. ನೀವೇ ಕೇಳಿದ್ರಲ್ಲ!"

"ಸುಳ್ಳು!" ಎಂದರು ಮೇಷ್ಟ್ರು. "ಇವನಿಗೆ ಅಳತೆ ಏನು ಗೊತ್ತು? ಏಳನೇ ಕ್ಲಾಸು ದಾಟದವನು. ದೂರ, ವೇಗ, ಕಾಲ, ಒಂದೂ ಗೊತ್ತಿಲ್ಲ. ನಾನೇ ಪಾಠ ಮಾಡಿದ್ದೀನಿ."

"ಹೌದು ಮೇಡಂ," ಅಂದಳು ಹೆಂಡತಿ ಸಾವಕಾಶವಾಗಿ. "ಇವರೇ ಪಾಠ ಮಾಡಿದ್ದು. ಅದಕ್ಕೇ ಗೊತ್ತಿಲ್ಲ."

ಮರದ ಮೇಲಿದ್ದವನೊಬ್ಬ ನಕ್ಕು ಕೆಳಗೆ ಬಿದ್ದ. ಮೇಡಮ್ಮು ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ತೀರ್ಮಾನ ಇಲ್ಲೇ, ಈಗಲೇ, ಅಂದರು. ತಾವು ಮುಂದಿನ ಸೀಟಿನಲ್ಲಿ ಕೂತು ಮುಳ್ಳು ನೋಡುವುದು. ಹೊತ್ತು ನೋಡುವುದು ಯಾರು?

"ನನ್ನ ಗಡಿಯಾರ," ಎಂದರು ಮೇಷ್ಟ್ರು, ಮಣಿಕಟ್ಟು ಮುಂದೆ ಚಾಚಿ. "ವರ್ಷಕ್ಕೆ ಒಂದು ಸೆಕೆಂಡು ಹೆಚ್ಚುಕಮ್ಮಿ ಆಗೋದಿಲ್ಲ. ಇದರ ಮೇಲೆ ಯಾರಿಗಾದ್ರೂ ಅನುಮಾನ ಇದೆಯೋ?"

ಯಾರಿಗೂ ಇರಲಿಲ್ಲ. ಮೇಷ್ಟ್ರು ಹಿಂದಿನ ಸೀಟು ಹತ್ತಿದರು.

ಟೈಲರಣ್ಣ ಕಾರನ್ನು ಹಿಂದಕ್ಕೆ ಒಯ್ದು, ತಿರುಗಿಸಿ, ಹೊರಟ. ಎರಡನೇ ಗೇರು, ಮೂರನೇ ಗೇರು. ಮುಳ್ಳು ಎಪ್ಪತ್ತು, ಎಂಬತ್ತು. ಮೇಡಮ್ಮು ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದುಕೊಂಡರು. ಮುಳ್ಳು ತೊಂಬತ್ತು ಮುಟ್ಟಿ ನಿಂತಿತು; ಮೊದಲ ಬಿಳಿ ಪಟ್ಟಿ ಚಕ್ರದಡಿ ಹೋಯಿತು. "ಶುರು!" ಎಂದು ಮೇಷ್ಟ್ರು ಕೂಗಿದರು.

ಸ್ವಲ್ಪ ಹೊತ್ತಾಯಿತು. ಇನ್ನೂ ಸ್ವಲ್ಪ ಹೊತ್ತಾಯಿತು. ಮೇಡಮ್ಮು ಮುಳ್ಳು ನೋಡಿದರು, ಕಿಟಕಿಯಾಚೆ ನೋಡಿದರು. ಆಚೆ ಒಬ್ಬ ಮುದುಕ ಹಲ್ಲುಜ್ಜುತ್ತಿದ್ದ. ಅವನ ಬಾಯಿಯಲ್ಲಿ ಎಷ್ಟು ಹಲ್ಲಿವೆ ಎಂದು ಎಣಿಸುವಷ್ಟು ಪುರುಸೊತ್ತು ಸಿಕ್ಕಿತು. ಮೇಡಮ್ಮು ಬಾಗಿಲ ಹಿಡಿಯನ್ನು ಬಿಟ್ಟರು.

ಅಷ್ಟರಲ್ಲಿ ಕಾರಿನ ಪಕ್ಕಕ್ಕೆ ಸ್ಕೂಟಿಯೊಂದು ಬಂತು. ಆಸ್ಪತ್ರೆಯ ದಪ್ಪನೆಯ ನರ್ಸಮ್ಮ, ಡ್ಯೂಟಿಗೆ ಹೊರಟವಳು. ಕಾರಿನ ಸಮಕ್ಕೆ ಓಡಿಸುತ್ತ ಕಿಟಕಿಯೊಳಗೆ ಬಗ್ಗಿದಳು.

"ಟೈಲರಣ್ಣ! ಎಡಗೈ ತೋಳು ಬಿಗಿ ಕಣಣ್ಣ, ಇಂಜೆಕ್ಷನ್ ಕೊಡೋಕೆ ಕೈ ಎತ್ತೋಕಾಗಲ್ಲ."

"ಶನಿವಾರ ಕೊಡಿಯಮ್ಮ, ಒಳಗೆ ಅರ್ಧ ಇಂಚು ಬಿಟ್ಟಿದೀನಿ, ಬಿಚ್ಚಿಕೊಡ್ತೀನಿ."

"ಕಂಕುಳದಲ್ಲೂ!"

"ಆಯ್ತು, ಕಂಕುಳದಲ್ಲೂ!"

ನರ್ಸಮ್ಮ ಹಿಂದಿನ ಸೀಟಿನತ್ತ ನೋಡಿ, "ಓಹೋ, ಮೇಷ್ಟ್ರೂ ಇದೀರಾ, ಬಿಪಿ ಮಾತ್ರೆ ತಗೊಂಡ್ರಾ?" ಎಂದು ಕೇಳಿ, ಉತ್ತರಕ್ಕೆ ಕಾದು, ಸಿಗದೆ, ಕಾರನ್ನು ಹಿಂದೆ ಹಾಕಿ ಹೋಗಿಬಿಟ್ಟಳು. ಮುಳ್ಳು ತೊಂಬತ್ತರಲ್ಲೇ ಇತ್ತು. ಮೇಡಮ್ಮಿನ ತುಟಿಯ ಒಂದು ತುದಿ ಅಲುಗಿತು. ಸರ್ಕಾರದ ಕೆಲಸಕ್ಕೆ ಸೇರಿದ ಮೇಲೆ ಅದು ಅಲುಗಿದ್ದು ಅದೇ ಮೊದಲಿರಬೇಕು.

ಎರಡನೇ ಪಟ್ಟಿ ದಾಟಿತು. ಕಾರು ಶೆಡ್ಡಿನ ಮುಂದೆ ನಿಂತಿತು. ಜನ ಮುತ್ತಿಕೊಂಡರು.

"ಎಷ್ಟು ಸೆಕೆಂಡು?" ಎಂದರು ಮೇಡಮ್ಮು.

"ಎಂಬತ್ತು," ಎಂದರು ಮೇಷ್ಟ್ರು, ಹಲ್ಲು ಕಚ್ಚಿಕೊಂಡೇ. ಏನೇ ಹೇಳಿ, ಗಡಿಯಾರದ ವಿಷಯದಲ್ಲಿ ಆ ಮನುಷ್ಯನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಎಂಬತ್ತು ಸೆಕೆಂಡಿಗೆ ಒಂದು ಕಿಲೋಮೀಟರು. ಅಂದ್ರೆ ವೇಗ ಎಷ್ಟಾಯ್ತು?"

ಮೇಷ್ಟ್ರು ಆಕಾಶ ನೋಡಿದರು. "ಕಾಗದ ಬೇಕು. ಹೀಗೆ ನಡುರಸ್ತೇಲಿ..."

"ನಲವತ್ತೈದು," ಅಂತ ಕೇಳಿಸಿತು.

ಎಲ್ಲರೂ ತಿರುಗಿದರು. ಹೇಳಿದ್ದು ಟೈಲರಣ್ಣ.

"ನಿಂಗೆ ಯಾರು ಹೇಳಿಕೊಟ್ಟಿದ್ದು?" ಮೇಷ್ಟ್ರ ದನಿ ಏಳನೇ ಕ್ಲಾಸಿನದ್ದಾಯಿತು. "ಕ್ರಮ ಹೇಳು! ಕ್ರಮ!"

ಟೈಲರಣ್ಣ ಅಭ್ಯಾಸಬಲದಿಂದ ಒಂದು ಕ್ಷಣ ಕುಗ್ಗಿದ. ಆಮೇಲೆ ಕೊರಳಲ್ಲಿದ್ದ ಟೇಪನ್ನು ಎಳೆದು ಎರಡೂ ಕೈಯಲ್ಲಿ ಚಾಚಿ ಹಿಡಿದ.

"ಒಂದು ಗಂಟೆಗೆ ಮೂರು ಸಾವಿರದ ಆರುನೂರು ಸೆಕೆಂಡು. ಸರಿಯಾ? ನನ್ನ ಅಂಗಡಿಗೆ ಬರೋ ಬಿಳಿ ಬಟ್ಟೆ ಸುರುಳಿ ಮೂವತ್ತಾರು ಮೀಟರು, ಅಂದ್ರೆ ಮೂರು ಸಾವಿರದ ಆರುನೂರು ಸೆಂಟಿಮೀಟರು. ನರ್ಸಿನ ಏಪ್ರನ್ನಿಗೆ ಎಂಬತ್ತು ಸೆಂಟಿಮೀಟರು ಬೇಕು. ಒಂದು ಸುರುಳೀಲಿ ನಲವತ್ತೈದು ಏಪ್ರನ್ನು ಬೀಳುತ್ತೆ. ಒಂದು ಚೂರು ಉಳಿಯಲ್ಲ. ಪ್ರತಿ ವಾರ ಕತ್ತರಿಸ್ತೀನಿ ಸಾರ್. ಗಂಟೇನ ಎಂಬತ್ತೆಂಬತ್ತು ಸೆಕೆಂಡಿಗೆ ಕತ್ತರಿಸಿದ್ರೂ ಅಷ್ಟೇ ತುಂಡು ತಾನೆ ಬೀಳೋದು?"

ಮೇಡಮ್ಮು ಬೆರಳಲ್ಲಿ ಗಾಳಿಯ ಮೇಲೆ ಭಾಗಾಕಾರ ಮಾಡಿ, ತಲೆಯಾಡಿಸಿದರು. "ಸರಿ ಇದೆ. ನಲವತ್ತೈದು. ಮಿತಿ ಐವತ್ತು."

"ಒಪ್ಪೋದಿಲ್ಲ!" ಮೇಷ್ಟ್ರು ಕಾಲು ನೆಲಕ್ಕೆ ಬಡಿದರು. "ಅದು ಕಿಲೋಮೀಟರು ಅಂತ ಯಾರು ಹೇಳಿದ್ದು? ಬಟ್ಟೆ ಟೇಪಿನಲ್ಲಿ ರಸ್ತೆ ಅಳೀತಾರೇನ್ರೀ?"

ಜೀಪಿನಲ್ಲಿ ಅಪಘಾತದ ಜಾಗ ಅಳೆಯುವ ಚಕ್ರದ ಕೋಲಿತ್ತು. ಮೇಡಮ್ಮು ಜೀಪಿನ ಡ್ರೈವರನ್ನು ಅಟ್ಟಿದರು. ಅವನು ಚಕ್ರ ಉರುಳಿಸುತ್ತ ಹೊರಟ. ಅರ್ಧ ಊರು ಅವನ ಹಿಂದೆ ಉರುಳಿಕೊಂಡು ಹೋಗಿ, ಹಾಗೇ ಉರುಳಿಕೊಂಡು ವಾಪಸು ಬಂತು.

"ಸಾವಿರದ ಎಂಟೂವರೆ ಮೀಟರು, ಮೇಡಂ."

ಟೈಲರಣ್ಣನ ಮುಖ ಬಿಳಿಚಿತು. "ಎಂಟೂವರೆ ಮೀಟರು ಎಲ್ಲಿಂದ ಬಂತು? ಒಂದೊಂದು ಗೀಟೂ ನಾನೇ..."

ಹೆಂಡತಿ ಹಣೆ ಚಚ್ಚಿಕೊಂಡಳು. "ರೀ! ಪ್ರತಿ ಗೀಟಿಗೂ ಅರ್ಧ ಇಂಚು ಸೇರಿಸಿದ್ರಾ?"

ಟೈಲರಣ್ಣ ಕಾಲಿನ ಹೆಬ್ಬೆರಳು ನೋಡಿದ. "ಹೊಲಿಗೆಗೆ..."

ಆರುನೂರ ಅರವತ್ತಾರು ಅರ್ಧ ಇಂಚು! ರಸ್ತೆ ಬಿಗಿಯಾಗದಿರಲಿ ಎಂದು ಅವನು ಸಡಿಲ ಬಿಟ್ಟಿದ್ದ.

"ಮೋಸ!" ಮೇಷ್ಟ್ರು ಕುಣಿದರು. "ಸುಳ್ಳು ಅಳತೆ! ಇವನು ಹೇಳಿದ ನಲವತ್ತೈದು ಶುದ್ಧ ತಪ್ಪು! ದೂರ ಸಾವಿರದ ಎಂಟೂವರೆ, ಕಾಲ ಎಂಬತ್ತು, ಆದ್ದರಿಂದ ಇವನ ವೇಗ ಗಂಟೆಗೆ ನಲವತ್ತೈದು ದಶಾಂಶ ಮೂರು ಎಂಟು ಕಿಲೋಮೀಟರು! ಕೇಳಿಸ್ತಾ? ದಶಾಂಶ ಮೂರು ಎಂಟು! ಇದು ನಿಖರವಾದ ಲೆಕ್ಕ, ಯಾರ ಮುಂದೆ ಬೇಕಾದ್ರೂ ಹೇಳ್ತೀನಿ!"

ಕಾಗದ ಬೇಕಾಗಿರಲಿಲ್ಲ ಈ ಸಲ.

ಮೇಡಮ್ಮು ಕಾರಿನ ಬಾನೆಟ್ಟಿನ ಮೇಲೆ ಫೈಲು ಬಿಚ್ಚಿದರು. "ಹೇಳಿ ಮೇಷ್ಟ್ರೇ, ಬರ್ಕೊಳ್ತೀನಿ. ನಲವತ್ತೈದು ದಶಾಂಶ..."

"ಮೂರು ಎಂಟು."

"ದೂರುದಾರರೇ ಸ್ವತಃ ಲೆಕ್ಕ ಹಾಕಿ ದೃಢೀಕರಿಸಿದ ವೇಗ, ನಲವತ್ತೈದು ದಶಾಂಶ ಮೂರು ಎಂಟು. 'ದಶಾಂಶ'ಕ್ಕೆ ಈ ಫೈಲಲ್ಲಿ ಕಾಲಂ ಇದೆ. ಇಲ್ಲಿ ಸಹಿ ಮಾಡಿ."

ಮೇಷ್ಟ್ರಿಗೆ ಆಗ ತಿಳಿಯಿತು. ಆದರೆ ಲೆಕ್ಕ ಸರಿಯಿತ್ತಲ್ಲ! ಸರಿಯಿರುವ ಲೆಕ್ಕಕ್ಕೆ ಸಹಿ ಹಾಕುವುದಿಲ್ಲ ಎಂದು ಅವರು ಹೇಗೆ ಹೇಳಿಯಾರು? ಹಾಕಿದರು. ಮೇಡಮ್ಮು ಬಾನೆಟ್ಟಿನ ಮೇಲೆ ಧಡ್ಡನೆ ಸೀಲು ಒತ್ತಿದರು. ಕಾರಿನ ಮುಂದಿನ ನಂಬರ್ ಪ್ಲೇಟು ಕಳಚಿ ಕೆಳಗೆ ಬಿತ್ತು. ಲೈಸೆನ್ಸು ಉಳಿಯಿತು. ಮೂರು ದಿನದೊಳಗೆ ಮೀಟರು ಸರಿ ಮಾಡಿಸಿ ತೋರಿಸತಕ್ಕದ್ದು.

ಕ್ಷೌರಿಕ ಕತ್ತಿ ಜೋಲು ಬಿಟ್ಟು ಮುಂದೆ ಬಂದ. "ಹಾಗಾದ್ರೆ ತೊಂಬತ್ತು ಸುಳ್ಳಾ ಅಣ್ಣ? ನಾನು ಎರಡೆರಡು ಸಹಿ ಹಾಕಿದ್ನಲ್ಲೋ..."

"ಸುಳ್ಳಲ್ಲಪ್ಪ," ಅಂದಳು ಹೆಂಡತಿ. "ಹೊಲಿಗೆಗೆ ಸ್ವಲ್ಪ ಜಾಸ್ತಿ ಬಿಟ್ಟಿದ್ರು."

ಆ ನಗು ಆಸ್ಪತ್ರೆಯ ವಾರ್ಡಿನ ತನಕ ಕೇಳಿಸಿತಂತೆ. ಟೈಲರಣ್ಣನೂ ನಕ್ಕ. ಕೋಟು ಈಗ ಮೈಗೆ ಸರಿಯಾಗಿ ಕೂತಿತ್ತು.

ಮೆಕ್ಯಾನಿಕ್ಕು ಸುಳ್ಳು ಮೀಟರು ಕಿತ್ತು, ಕಾರಿನ ಅಳತೆಯದ್ದೇ ಒಂದನ್ನು ಹುಡುಕಿ ಕೂರಿಸಿದ. ಮೇಡಮ್ಮು ರಸ್ತೆಯ ಒಂದು ಪಟ್ಟಿಯನ್ನು ಎಂಟೂವರೆ ಮೀಟರು ಈಚೆಗೆ ಎಳೆಸಿ, ಸುಣ್ಣದ ಬದಲು ಬಣ್ಣ ಬಳಿಸಿದರು. ಇನ್ನು ಯಾರ ಮೀಟರಿನ ತಂಟೆ ಬಂದರೂ ಇಲ್ಲಿಗೇ ಕಳಿಸುತ್ತೇನೆ ಎಂದರು. ಮೊದಲು ಕ್ಷೌರಿಕ ತನ್ನ ಮೋಟಾರ್‌ಸೈಕಲ್ಲು ತಂದ. ಮೀಟರು ಅರವತ್ತೆಂದಿತು, ಕಿಲೋಮೀಟರು ಐವತ್ತೈದೆಂದಿತು. ಪೇಪರಿನ ವ್ಯಾನು ಬಂತು. ಆಸ್ಪತ್ರೆಯ ಜೀಪು ಬಂತು. ಎಲ್ಲರದ್ದೂ ಇದ್ದದ್ದಕ್ಕಿಂತ ಒಂದಿಷ್ಟು ಹೆಚ್ಚೇ ತೋರಿಸುತ್ತಿತ್ತು.

"ಎಲ್ಲಾ ಕಂಪನಿಯವರೂ ಹೀಗೇನಾ?" ಎಂದು ಟೈಲರಣ್ಣ ಮೆಕ್ಯಾನಿಕ್ಕನ್ನು ಕೇಳಿದ.

"ಮತ್ತೆ? ಕಮ್ಮಿ ತೋರಿಸಿದ್ರೆ ಓಡಿಸೋನು ಗೊತ್ತಿಲ್ಲದೇ ಮಿತಿ ದಾಟಿಬಿಡ್ತಾನೆ, ತಂಟೆ. ಅದಕ್ಕೇ ಸ್ವಲ್ಪ ಮೇಲಕ್ಕೇ ಬಿಟ್ಟಿರ್ತಾರೆ."

"ಹೊಲಿಗೆಗೆ!" ಎಂದು ಟೈಲರಣ್ಣ ಕೂಗಿದ. ಹೆಂಡತಿಯನ್ನು ಕರೆಸಿ, ಮೆಕ್ಯಾನಿಕ್ಕಿನ ಬಾಯಿಂದ ಅದೇ ಮಾತನ್ನು ಮೂರು ಸಲ ಹೇಳಿಸಿದ. ಜೀವಮಾನವೆಲ್ಲ ಆಡಿಕೊಂಡರಲ್ಲ, ಅರ್ಧ ಇಂಚು, ಅರ್ಧ ಇಂಚು ಅಂತ! ಕಾರು ಮಾಡುವ ಅಷ್ಟು ದೊಡ್ಡ ದೊಡ್ಡವರೂ ಅವನ ಹಾಗೇ ಕತ್ತರಿಸುತ್ತಿದ್ದಾರೆ!

ಒಂದು ತಿಂಗಳಾದ ಮೇಲೆ, ಬೆಳಿಗ್ಗೆ ರಸ್ತೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ, ಶೆಡ್ಡಿನ ಮುಂದೆ ಒಂದು ಸ್ಕೂಟರು ನಿಂತಿತು. ಯೂನಿಫಾರ್ಮು ಒಯ್ಯುತ್ತಿದ್ದ ಟೈಲರಣ್ಣ ಕಾರು ನಿಲ್ಲಿಸಿ ನೋಡಿದ. ಲೆಕ್ಕದ ಮೇಷ್ಟ್ರು.

"ನನ್ನ ಸ್ಕೂಟರಿನದ್ದು ಸರಿ ಇದೆ. ಸುಮ್ಮನೆ, ಕುತೂಹಲಕ್ಕೆ. ಮುಳ್ಳು ನಲವತ್ತರಲ್ಲೇ ಇಡ್ತೀನಿ. ಹೊತ್ತು ನೀನು ನೋಡು," ಎಂದು ಕೈಗಡಿಯಾರ ಬಿಚ್ಚಿ ಅವನ ಅಂಗೈಯಲ್ಲಿಟ್ಟರು. ಮೆಕ್ಯಾನಿಕ್ಕು ಆ ತುದಿಯಲ್ಲಿ ಬಟ್ಟೆ ಬೀಸಿದ. ಮೇಷ್ಟ್ರು ನೆಟ್ಟಗೆ ಕೂತು, ಗಂಭೀರವಾಗಿ, ಶೆಡ್ಡಿನ ಮುಂದಿನಿಂದ ಸುಯ್ಯನೆ ಹಾದುಹೋದರು. ತಿರುಗಿ ಹೋಗಿ ಮೆಕ್ಯಾನಿಕ್ಕನ್ನು ಹಿಂದೆ ಕೂರಿಸಿಕೊಂಡು ಬಂದು ನಿಂತರು.

"ಎಷ್ಟು?"

"ಅರವತ್ತೊಂಬತ್ತು ಸೆಕೆಂಡು, ಸಾರ್." ಟೈಲರಣ್ಣ ಕಣ್ಣು ಮುಚ್ಚಿ ಬಟ್ಟೆ ಕತ್ತರಿಸಿದ. "ಅರವತ್ತೊಂಬತ್ತರ ತುಂಡು... ಐವತ್ತೆರಡು ಬೀಳುತ್ತೆ. ಹನ್ನೆರಡು ಸೆಂಟಿಮೀಟರು ಉಳಿಯುತ್ತೆ, ಕಾಲರಿಗೆ ಆಯ್ತು. ಐವತ್ತೆರಡು, ಸಾರ್."

ಐವತ್ತರ ರಸ್ತೆಯಲ್ಲಿ ಐವತ್ತೆರಡು. ಇಪ್ಪತ್ತು ವರ್ಷದಿಂದ.

ಮೇಷ್ಟ್ರ ಕಿವಿ ಕೆಂಪಾಯಿತು. "ಸಾಧ್ಯವೇ ಇಲ್ಲ. ಗಡಿಯಾರ ತಪ್ಪಿರಬೇಕು."

"ಗಡಿಯಾರ ನಿಮ್ದೇ ಸಾರ್."

ಮೇಷ್ಟ್ರು ಗಡಿಯಾರ ನೋಡಿದರು, ಸ್ಕೂಟರು ನೋಡಿದರು, ಬಿಳಿ ಪಟ್ಟಿ ನೋಡಿದರು. ಮೂರರಲ್ಲಿ ಯಾವುದೂ ಅವರ ಪರ ಮಾತಾಡಲಿಲ್ಲ. ಮೆಕ್ಯಾನಿಕ್ಕು ಆಗಲೇ ಸ್ಕೂಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದ. "ಕೇಬಲ್ಲು ಸವೆದು ಜಾರ್ತಾ ಇದೆ. ಒಂದರ್ಧ ಗಂಟೆ ಕೆಲಸ."

ಮೇಷ್ಟ್ರು ಕೈ ಕಟ್ಟಿಕೊಂಡು, ತಲೆ ತಗ್ಗಿಸಿ, ಶೆಡ್ಡಿನ ಗೋಡೆಯ ಬದಿಗೆ ಸರಿದು ನಿಂತರು. ಟೈಲರಣ್ಣನ ಕೈಯಲ್ಲಿ ಹೊತ್ತಿರಲಿಲ್ಲ, ಹತ್ತಕ್ಕೆ ಯೂನಿಫಾರ್ಮು ತಲುಪಬೇಕು. ಆದರೂ ಒಳಗೆ ಹೋಗಿ, ಗೋಡೆಗೆ ಒರಗಿಸಿಟ್ಟಿದ್ದ ಮರದ ಬೆಂಚನ್ನು ಎತ್ತಿ ತಂದ. ಕೊರಳ ಟೇಪಿನ ತುದಿಯಿಂದ ಅದರ ಮೇಲಿನ ಧೂಳು ಹೊಡೆದ.

"ನಿಂತ್ಕೋಬೇಡಿ ಸಾರ್," ಅಂದ. "ಇಲ್ಲಿ ಬೆಂಚು ಇಟ್ಟಿರೋದು ಕೂತ್ಕೊಳ್ಳೋಕೆ."

ಆಮೇಲೆ ಕಾರು ಹತ್ತಿ, ಬಾಗಿಲನ್ನು ಒಂದೇ ಬೆರಳಲ್ಲಿ ಎಳೆದುಕೊಂಡ. ಮುಚ್ಚಿಕೊಂಡಿತು. ಮುಳ್ಳು ನಲವತ್ತೈದು ಮುಟ್ಟಿತು, ಕಾರು ನಲವತ್ತೈದರಲ್ಲಿ ಹೋಯಿತು.